ಗುರುತ್ವ ಕಡಿಮೆಯಾಗುತ್ತಿದೆ ಎಂದು ನಿಜವಾಗಿಯೂ ಹೇಳಿದ್ದ ವಿಜ್ಞಾನಿ: ಪಾಲ್ ಡಿರಾಕ್ ಕಥೆ

ಬೆಳಿಗ್ಗೆ 9 ಗಂಟೆ 47 ನಿಮಿಷಕ್ಕೆ ಗ್ರಹಗಳು ಒಂದೇ ಸಾಲಿಗೆ ಬರುತ್ತವೆ, ಭೂಮಿಯ ಗುರುತ್ವ ಕಡಿಮೆಯಾಗುತ್ತದೆ, ಸರಿಯಾಗಿ ಆ ಹೊತ್ತಿಗೆ ಮೇಲಕ್ಕೆ ಜಿಗಿದರೆ ಸ್ವಲ್ಪ ಹೊತ್ತು ಗಾಳಿಯಲ್ಲಿ ತೇಲಬಹುದು. ಈ ಸಂದೇಶ ನಿಮ್ಮ ಫೋನಿಗೂ ಒಮ್ಮೆ ಬಂದಿರಬಹುದು. 2015ರ ಜನವರಿ 4ರ ದಿನಾಂಕ ಹಾಕಿಕೊಂಡು ಇದು ಜಗತ್ತೆಲ್ಲ ಸುತ್ತಿತ್ತು. ಆಮೇಲೆ ದಿನಾಂಕ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಲೇ ಇದೆ.

ಇದರ ಮೂಲ ಒಂದು ಏಪ್ರಿಲ್ ಫೂಲ್ ತಮಾಷೆ. 1976ರ ಏಪ್ರಿಲ್ 1ರಂದು ಬ್ರಿಟನ್ನಿನ ಜನಪ್ರಿಯ ಖಗೋಳ ನಿರೂಪಕ ಪ್ಯಾಟ್ರಿಕ್ ಮೂರ್, ಬಿಬಿಸಿ ರೇಡಿಯೊದಲ್ಲಿ ಗಂಭೀರ ದನಿಯಲ್ಲಿ ಹೀಗೆ ಹೇಳಿದರು. ಪ್ಲೂಟೊ ಗ್ರಹ ಗುರು ಗ್ರಹದ ಹಿಂದೆ ಹಾಯುವಾಗ ಭೂಮಿಯ ಸೆಳೆತ ತುಸು ಸಡಿಲವಾಗುತ್ತದಂತೆ. ಸ್ವಲ್ಪ ಹೊತ್ತಿನಲ್ಲೇ ನೂರಾರು ಜನ ಫೋನ್ ಮಾಡಿ ತಮಗೆ ತೇಲಿದ ಅನುಭವ ಆಯಿತೆಂದು ಹೇಳಿದರು! ನಿಜದ ಲೆಕ್ಕ ಬೇಕೆಂದರೆ ಇಲ್ಲಿದೆ: ಗುರು ಗ್ರಹ ನಮಗೆ ಅತಿ ಹತ್ತಿರ ಬಂದಾಗಲೂ ಅದು ನಿಮ್ಮನ್ನು ಎಳೆಯುವ ಬಲ, ಭೂಮಿ ಎಳೆಯುವ ಬಲದ ಸುಮಾರು 3 ಕೋಟಿಯಲ್ಲಿ ಒಂದು ಪಾಲು. ಪ್ಲೂಟೊ ವಿಷಯ ಬಿಟ್ಟೇಬಿಡಿ.

ಹಾಗಾದರೆ ಗುರುತ್ವ ಕಡಿಮೆಯಾಗುತ್ತದೆ ಎಂಬ ಮಾತೇ ಬರೀ ಸುಳ್ಳೇ? ಇಲ್ಲೇ ಒಂದು ಸ್ವಾರಸ್ಯ ಇದೆ. ನೊಬೆಲ್ ಪಡೆದ, ನ್ಯೂಟನ್ ಕುಳಿತಿದ್ದ ಪೀಠದಲ್ಲೇ ಕುಳಿತಿದ್ದ ಒಬ್ಬ ವಿಜ್ಞಾನಿ ಇದನ್ನು ಪೂರ್ತಿ ಗಂಭೀರವಾಗಿ ಹೇಳಿದ್ದರು. ಒಂದು ದಿನ ಐದು ನಿಮಿಷದ ಮಟ್ಟಿಗೆ ಅಲ್ಲ. ವಿಶ್ವ ಹುಟ್ಟಿದಾಗಿನಿಂದ ಎಲ್ಲೆಡೆ, ನಿಧಾನವಾಗಿ, ನಿಲ್ಲದೆ. ಅವರ ಹೆಸರು ಪಾಲ್ ಡಿರಾಕ್.

ಬ್ರಿಸ್ಟಲ್‌ನ ಮೌನದ ಮನೆ

ಡಿರಾಕ್ ಹುಟ್ಟಿದ್ದು 1902ರ ಆಗಸ್ಟ್ 8ರಂದು, ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ. ತಂದೆ ಚಾರ್ಲ್ಸ್ ಸ್ವಿಟ್ಜರ್ಲೆಂಡಿನಿಂದ ಬಂದು ನೆಲೆಸಿದವರು, ಶಾಲೆಯಲ್ಲಿ ಫ್ರೆಂಚ್ ಮೇಷ್ಟ್ರು. ತುಂಬಾ ಕಟ್ಟುನಿಟ್ಟು. ಊಟದ ಮೇಜಿನಲ್ಲಿ ತಮ್ಮ ಜೊತೆ ಫ್ರೆಂಚಿನಲ್ಲೇ ಮಾತಾಡಬೇಕು, ಅದೂ ತಪ್ಪಿಲ್ಲದೆ, ಎಂಬುದು ಅವರ ನಿಯಮ. ತಾಯಿ ಫ್ಲಾರೆನ್ಸ್, ಅಣ್ಣ ಫೆಲಿಕ್ಸ್, ತಂಗಿ ಬೆಟ್ಟಿ ಅಡುಗೆಮನೆಯಲ್ಲಿ ಊಟ ಮಾಡುತ್ತಿದ್ದರು. ಪಾಲ್ ಮಾತ್ರ ಅಪ್ಪನ ಎದುರು ಕೂರಬೇಕಿತ್ತು. ಅನಿಸಿದ್ದನ್ನು ಫ್ರೆಂಚಿನಲ್ಲಿ ಹೇಳಲು ಬಾರದೆ ಹುಡುಗ ಸುಮ್ಮನಿರುವುದನ್ನು ಕಲಿತ. ತನ್ನ ಮೌನಕ್ಕೆ ಕಾರಣ ಇದೇ ಎಂದು ಡಿರಾಕ್ ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ.

ಆ ಮೌನ ಜೀವನವಿಡೀ ಹೋಗಲಿಲ್ಲ. ಕೇಂಬ್ರಿಜ್‌ನ ಗೆಳೆಯರು ಮಾತಿನ ಅಳತೆಗೆ ಡಿರಾಕ್ ಎಂಬ ಒಂದು ಹೊಸ ಮಾನವನ್ನೇ ಮಾಡಿಕೊಂಡಿದ್ದರು. ಗಂಟೆಗೆ ಒಂದು ಪದ ಆಡಿದರೆ ಅದು ಒಂದು ಡಿರಾಕ್.

ಅಣ್ಣ ಫೆಲಿಕ್ಸ್‌ಗೆ ಡಾಕ್ಟರ್ ಆಗುವ ಆಸೆ. ಅಪ್ಪ ಒಪ್ಪಲಿಲ್ಲ, ಎಂಜಿನಿಯರಿಂಗ್ ಓದಿಸಿದರು. 1925ರಲ್ಲಿ ಫೆಲಿಕ್ಸ್ ತನ್ನ ಜೀವವನ್ನು ತಾನೇ ತೆಗೆದುಕೊಂಡ. ಪಾಲ್‌ಗೆ ಆಗ 22 ವರ್ಷ. ಈ ನೋವಿನ ಬಗ್ಗೆ ಅವರು ಬಾಯಿ ಬಿಟ್ಟದ್ದು ತೀರಾ ಅಪರೂಪ.

ಪಾಲ್ ಕೂಡ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. 1921ರಲ್ಲಿ ಪದವಿ ಮುಗಿದಾಗ ಮೊದಲ ಮಹಾಯುದ್ಧದ ನಂತರದ ಹಿಂಜರಿತ, ಕೆಲಸ ಸಿಗಲಿಲ್ಲ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಗಣಿತ ವಿಭಾಗದವರು ಶುಲ್ಕವಿಲ್ಲದೆ ಓದಲು ಕರೆದರು. ಎಂಜಿನಿಯರಿಂಗ್ ಪದವೀಧರನೊಬ್ಬ ಕೆಲಸ ಸಿಗದೆ ಬೇರೆ ದಾರಿ ಹಿಡಿದ ಈ ಕಥೆ ನಮ್ಮಲ್ಲಿ ಎಷ್ಟು ಮನೆಗಳದ್ದು ಅಲ್ಲವೇ. ಇಲ್ಲಿ ಆ ದಾರಿ 1923ರಲ್ಲಿ ಕೇಂಬ್ರಿಜ್‌ಗೆ ಹೋಗಿ ಸೇರಿತು.

ಮುಂದಿನ ಹತ್ತು ವರ್ಷದ ಸಾಧನೆ ಬರೆಯಲು ಒಂದು ಪುಸ್ತಕವೇ ಬೇಕು. ಇಲ್ಲಿ ಬೇಗ ದಾಟೋಣ. 1928ರಲ್ಲಿ ಅವರು ಎಲೆಕ್ಟ್ರಾನ್‌ಗೆ ಒಂದು ಸಮೀಕರಣ ಬರೆದರು. ಅಣುವಿನೊಳಗಿನ ಲೋಕದ ಕ್ವಾಂಟಂ ನಿಯಮ ಮತ್ತು ಐನ್‌ಸ್ಟೈನ್‌ ಅವರ ವಿಶೇಷ ಸಾಪೇಕ್ಷತೆ, ಎರಡೂ ಅದರಲ್ಲಿ ಒಟ್ಟಿಗೆ ಕೂತವು. ಆ ಸಮೀಕರಣ ಬೇಡದ ಒಂದು ಉತ್ತರವನ್ನೂ ಕೊಟ್ಟಿತು: ಎಲೆಕ್ಟ್ರಾನಿನಷ್ಟೇ ತೂಕದ, ಆದರೆ ವಿರುದ್ಧ ವಿದ್ಯುದಂಶದ ಕಣ. 1931ರಲ್ಲಿ ಡಿರಾಕ್ ಅದು ನಿಜವಾಗಿಯೂ ಇರಬೇಕು ಎಂದು ಬರೆದರು. 1932ರಲ್ಲಿ ಅಮೆರಿಕದ ಕಾರ್ಲ್ ಆಂಡರ್ಸನ್ ಅದನ್ನು ಕಂಡರು. ಅದೇ ಪಾಸಿಟ್ರಾನ್. ಆಸ್ಪತ್ರೆಯಲ್ಲಿ ಕ್ಯಾನ್ಸರ್ ಪತ್ತೆಗೆ ಮಾಡುವ ಪೆಟ್ ಸ್ಕ್ಯಾನ್ ಕೆಲಸ ಮಾಡುವುದು ಇದೇ ಕಣದಿಂದ. 1932ರಲ್ಲಿ ನ್ಯೂಟನ್ ಕುಳಿತಿದ್ದ ಲೂಕೇಸಿಯನ್ ಪೀಠ, 1933ರಲ್ಲಿ ಷ್ರೋಡಿಂಗರ್ ಜೊತೆ ನೊಬೆಲ್. ಪ್ರಚಾರಕ್ಕೆ ಹೆದರಿ ನೊಬೆಲ್ ಬೇಡವೆನ್ನಲು ಹೊರಟಿದ್ದರಂತೆ. ಬೇಡವೆಂದರೆ ಇನ್ನೂ ಹೆಚ್ಚು ಪ್ರಚಾರ ಆಗುತ್ತದೆ ಎಂದು ರುದರ್ಫೋರ್ಡ್ ಎಚ್ಚರಿಸಿದ ಮೇಲೆ ಒಪ್ಪಿಕೊಂಡರು.

ಈ ಹತ್ತು ವರ್ಷ ಡಿರಾಕ್ ಮನಸ್ಸಿನಲ್ಲಿ ಒಂದು ಪಾಠ ಆಳವಾಗಿ ಕೂತಿತು ಎಂದು ನನಗನ್ನಿಸುತ್ತದೆ. ಗಣಿತ ಏನಾದರೂ ವಿಚಿತ್ರವಾದದ್ದನ್ನು ತೋರಿಸಿದರೆ ಅದನ್ನು ತಳ್ಳಿಹಾಕಬೇಡ, ನಂಬು. ಒಮ್ಮೆ ನಂಬಿದ್ದಕ್ಕೆ ಪಾಸಿಟ್ರಾನ್ ಸಿಕ್ಕಿತ್ತು. ಇನ್ನೊಮ್ಮೆ ನಂಬಿದಾಗ ಏನಾಯಿತು ಎನ್ನುವುದೇ ಮುಂದಿನ ಕಥೆ.

ಹನಿಮೂನ್ ಮತ್ತು 39 ಸೊನ್ನೆ

1936ರಲ್ಲಿ ತಂದೆ ತೀರಿಕೊಂಡರು. 1937ರ ಜನವರಿಯಲ್ಲಿ ಡಿರಾಕ್ ಮದುವೆಯಾದರು. ಹೆಂಡತಿ ಮಾರ್ಗಿಟ್, ಎಲ್ಲರ ಬಾಯಲ್ಲಿ ಮಾಂಚಿ. ಭೌತವಿಜ್ಞಾನಿ ಯುಜೀನ್ ವಿಗ್ನರ್ ಅವರ ತಂಗಿ. ಹಂಗೇರಿಯವರು, ಬಾಯಿ ತುಂಬ ಮಾತು, ಮೊದಲ ಮದುವೆಯ ಇಬ್ಬರು ಮಕ್ಕಳಿದ್ದರು. ಡಿರಾಕ್ ಅವರ ಮೌನಕ್ಕೆ ಸರಿಯಾದ ಜೋಡಿ. ಮದುವೆಯ ನಂತರವೂ ಅಪರಿಚಿತರಿಗೆ ಅವರನ್ನು ಹೆಂಡತಿ ಎನ್ನದೆ ವಿಗ್ನರ್ ತಂಗಿ ಎಂದೇ ಪರಿಚಯಿಸುತ್ತಿದ್ದರು ಎಂಬುದು ಹಳೆಯ ತಮಾಷೆ.

ಹನಿಮೂನ್‌ಗೆ ಹೋದದ್ದು ಸಮುದ್ರ ತೀರದ ಬ್ರೈಟನ್‌ಗೆ. ಅದರ ಬೆನ್ನಲ್ಲೇ, ಫೆಬ್ರವರಿಯಲ್ಲಿ, ನೇಚರ್ ಪತ್ರಿಕೆಯಲ್ಲಿ ಡಿರಾಕ್ ಅವರ ಒಂದು ಚಿಕ್ಕ ಪತ್ರ ಪ್ರಕಟವಾಯಿತು. ಅದರಲ್ಲಿ ಇದ್ದದ್ದು ಎಲೆಕ್ಟ್ರಾನ್ ಅಲ್ಲ, ಇಡೀ ವಿಶ್ವ. ಅದನ್ನು ಓದಿದ ನೀಲ್ಸ್ ಬೋರ್, ಮದುವೆಯಾದರೆ ಮನುಷ್ಯ ಏನಾಗಿಬಿಡುತ್ತಾನೆ ನೋಡಿ ಎಂದು ಜಾರ್ಜ್ ಗ್ಯಾಮೊ ಮುಂದೆ ನಕ್ಕರಂತೆ.

ಪತ್ರದ ವಿಷಯ ಸರಳ. ಹೈಡ್ರೋಜನ್ ಪರಮಾಣುವಿನಲ್ಲಿ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಇವೆರಡನ್ನೂ ವಿದ್ಯುತ್ ಬಲ ಎಳೆಯುತ್ತದೆ, ಗುರುತ್ವವೂ ಎಳೆಯುತ್ತದೆ. ವಿದ್ಯುತ್ ಬಲ ಎಷ್ಟು ಪಟ್ಟು ಹೆಚ್ಚು? ಸುಮಾರು ಎರಡರ ಮುಂದೆ 39 ಸೊನ್ನೆ ಹಾಕಿದಷ್ಟು. ಗುರುತ್ವ ಎಂದರೆ ಬಲಶಾಲಿ ಎಂದು ನಮಗೆ ಅನ್ನಿಸುವುದು ಇಡೀ ಭೂಮಿ ಒಟ್ಟಾಗಿ ಎಳೆಯುವುದರಿಂದ ಮಾತ್ರ. ಫ್ರಿಜ್ ಬಾಗಿಲಿನ ಒಂದು ಪುಟ್ಟ ಅಯಸ್ಕಾಂತ ಒಂದು ಗುಂಡುಸೂಜಿಯನ್ನು ಎತ್ತಿ ಹಿಡಿದಾಗ ಅದು ಇಡೀ ಭೂಮಿಯ ವಿರುದ್ಧ ಗೆದ್ದಿರುತ್ತದೆ.

ಈಗ ಎರಡನೆಯ ಸಂಖ್ಯೆ. ವಿಶ್ವದ ವಯಸ್ಸನ್ನು ವರ್ಷದಲ್ಲಿ ಅಳೆಯಬೇಡಿ. ವರ್ಷ ಎನ್ನುವುದು ನಮ್ಮ ಭೂಮಿಯ ಸುತ್ತಾಟದ ಲೆಕ್ಕ, ವಿಶ್ವಕ್ಕೆ ಸಂಬಂಧವಿಲ್ಲ. ಬದಲಿಗೆ ಪರಮಾಣುಲೋಕದ್ದೇ ಒಂದು ಪುಟ್ಟ ಕ್ಷಣ ತೆಗೆದುಕೊಳ್ಳಿ: ಎಲೆಕ್ಟ್ರಾನಿನ ಗಾತ್ರ ಎಂದು ಲೆಕ್ಕಕ್ಕೆ ಹಿಡಿಯುವ ದೂರವನ್ನು ಬೆಳಕು ದಾಟಲು ಬೇಕಾದ ಸಮಯ. ವಿಶ್ವದ ವಯಸ್ಸು ಅಂಥ ಎಷ್ಟು ಕ್ಷಣ? ಆಶ್ಚರ್ಯವೆಂದರೆ, ಇಲ್ಲೂ 39-40 ಸೊನ್ನೆಯ ಆಸುಪಾಸಿನ ಸಂಖ್ಯೆಯೇ ಬರುತ್ತದೆ.

ಮೂರನೆಯದು: ಕಾಣುವ ವಿಶ್ವದಲ್ಲಿರುವ ಪ್ರೋಟಾನುಗಳ ಎಣಿಕೆ. ಅಂದಾಜು 78 ಸೊನ್ನೆ. 39ರ ಎರಡರಷ್ಟು. ಅಂದರೆ ಮೊದಲ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವಂಥದ್ದು.

ಇಷ್ಟು ದೊಡ್ಡ ಸಂಖ್ಯೆಗಳು ಸುಮ್ಮನೆ ಹೊಂದಿಕೊಳ್ಳುವುದಿಲ್ಲ, ಒಳಗೆ ಏನೋ ಸಂಬಂಧ ಇದೆ ಎಂದರು ಡಿರಾಕ್. ವಿಶ್ವದ ವಯಸ್ಸು ದಿನದಿನಕ್ಕೆ ಹೆಚ್ಚುತ್ತದೆ. ಎರಡು ಸಂಖ್ಯೆಗಳು ಯಾವಾಗಲೂ ಜೊತೆಯಲ್ಲೇ ಇರಬೇಕಾದರೆ, ವಯಸ್ಸು ಹೆಚ್ಚಿದಂತೆ ಮೊದಲನೆಯದೂ ಹೆಚ್ಚಬೇಕು. ಅದಕ್ಕೆ ದಾರಿ ಒಂದೇ: ಗುರುತ್ವ ದುರ್ಬಲವಾಗುತ್ತಾ ಹೋಗಬೇಕು. ನ್ಯೂಟನ್ ಕಾಲದಿಂದ ಬದಲಾಗದ ಸ್ಥಿರಾಂಕ ಎಂದು ನಂಬಿದ್ದ ಜಿ, ಸ್ಥಿರವೇ ಅಲ್ಲ! ವಿಶ್ವಕ್ಕೆ ಈಗಿನ ಎರಡರಷ್ಟು ವಯಸ್ಸಾದಾಗ ಜಿ ಅರ್ಧಕ್ಕೆ ಇಳಿದಿರುತ್ತದೆ.

ಇದು 108ರ ಫಾರ್ವರ್ಡ್ ತರಹವೇ ಅಲ್ಲವೇ?

ಸೂರ್ಯನ ದೂರ ಸೂರ್ಯನ ವ್ಯಾಸದ 108 ಪಟ್ಟು, ಚಂದ್ರನ ದೂರ ಚಂದ್ರನ ವ್ಯಾಸದ 108 ಪಟ್ಟು, ಆದ್ದರಿಂದಲೇ ಜಪಮಾಲೆಯಲ್ಲಿ 108 ಮಣಿ ಎಂಬ ಸಂದೇಶ ನೀವು ನೋಡಿರುತ್ತೀರಿ. ಲೆಕ್ಕ ಹಾಕಿದರೆ ಸೂರ್ಯನಿಗೆ ಸರಾಸರಿ 107.5, ಚಂದ್ರನಿಗೆ ಸುಮಾರು 110.6 ಬರುತ್ತದೆ. ಹತ್ತಿರವೇ ಇದೆ, ಸುಳ್ಳು ಎನ್ನಲಾಗದು. ಆದರೆ ಚಂದ್ರ ಪ್ರತಿ ತಿಂಗಳೂ ಹತ್ತಿರ ಬಂದು ದೂರ ಹೋಗುವುದರಿಂದ ಆ ಸಂಖ್ಯೆ ಸುಮಾರು 103ರಿಂದ 117ರವರೆಗೆ ಓಡಾಡುತ್ತದೆ.

ಡಿರಾಕ್ ಮಾಡಿದ್ದೂ ಸಂಖ್ಯೆ ಹೊಂದಿಸುವ ಕೆಲಸವೇ. ಆಗಲೂ ಹಾಗೆ ಬೈದವರಿದ್ದರು. 1937ರಲ್ಲೇ ಹರ್ಬರ್ಟ್ ಡಿಂಗಲ್ ಎಂಬ ವಿಜ್ಞಾನಿ ನೇಚರ್‌ನಲ್ಲಿ ಬರೆದು, ಪ್ರಯೋಗ ಬಿಟ್ಟು ತಲೆಯೊಳಗಿನ ಊಹೆಯಿಂದ ವಿಶ್ವ ಕಟ್ಟುವ ಹಳೆಯ ಕಾಯಿಲೆ ಮರಳಿ ಬಂದಿದೆ ಎಂದು ಡಿರಾಕ್ ಸೇರಿದಂತೆ ಕೆಲವರನ್ನು ಝಾಡಿಸಿದರು. ಹಾಗೆಂದು ಎಲ್ಲರೂ ನಗಲಿಲ್ಲ. ಕೇಂಬ್ರಿಜ್‌ನಲ್ಲಿ ಡಿರಾಕ್ ಪಾಠ ಕೇಳಿದ್ದ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅದೇ ವರ್ಷ ನೇಚರ್‌ಗೆ ಬರೆದು, ನಕ್ಷತ್ರಗಳ ತೂಕದಲ್ಲೂ ಇಂಥ ದೊಡ್ಡ ಸಂಖ್ಯೆಗಳು ಹೇಗೆ ಬರುತ್ತವೆ ಎಂದು ತೋರಿಸಿದರು.

ಆದರೂ ಒಂದು ವ್ಯತ್ಯಾಸ ಇದೆ. 108ರ ಸಂದೇಶ ಮುಂದೆ ಏನಾಗುತ್ತದೆ ಎಂದು ಏನೂ ಹೇಳುವುದಿಲ್ಲ. ಸಂಖ್ಯೆ 110 ಆದರೂ ಅದಕ್ಕೆ ನಷ್ಟವಿಲ್ಲ. ಡಿರಾಕ್ ಮಾತಿನಲ್ಲಿ ಒಂದು ಗಡುಸಾದ ಲೆಕ್ಕ ಇತ್ತು. ವಿಶ್ವದ ವಯಸ್ಸು ಇಂದಿನ ಲೆಕ್ಕದಲ್ಲಿ 1380 ಕೋಟಿ ವರ್ಷ. ಹಾಗಾಗಿ ಜಿ ವರ್ಷಕ್ಕೆ 1380 ಕೋಟಿಯಲ್ಲಿ ಒಂದು ಪಾಲು ಇಳಿಯಬೇಕು. 60 ಕಿಲೋ ತೂಕದವರು ಈ ಕಾರಣಕ್ಕೆ ವರ್ಷಕ್ಕೆ ಸುಮಾರು 4 ಮೈಕ್ರೋಗ್ರಾಂ ಹಗುರಾಗುತ್ತಾರೆ. ನೂರು ವರ್ಷ ಬದುಕಿದರೂ ಒಟ್ಟು ಅರ್ಧ ಮಿಲಿಗ್ರಾಂ ಇಲ್ಲ. ತೂಕ ಇಳಿಸಲು ಕಾಯುವವರಿಗೆ ಇದರಿಂದ ಉಪಯೋಗವಿಲ್ಲ, ಆದರೆ ಇದು ಅಳೆಯಬಹುದಾದ ಮಾತು. ಅಳೆದಾಗ ಸಿಗದಿದ್ದರೆ ಡಿರಾಕ್ ಸೋತಂತೆ.

ಪ್ರಯೋಗಾಲಯದಲ್ಲಿ ಜಿಯನ್ನು ನೇರವಾಗಿ ಅಳೆದು ನೋಡಬಹುದಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ಗುರುತ್ವ ಅಷ್ಟು ದುರ್ಬಲ. ಇವತ್ತಿಗೂ ಜಿಯ ಬೆಲೆ ನಮಗೆ ಗೊತ್ತಿರುವುದು ಹತ್ತು ಲಕ್ಷದಲ್ಲಿ ಇಪ್ಪತ್ತೆರಡು ಪಾಲಿನಷ್ಟು ಅನುಮಾನದೊಂದಿಗೆ. ಬೇರೆ ಬೇರೆ ಪ್ರಯೋಗಾಲಯಗಳ ಉತ್ತರಗಳು ಒಂದಕ್ಕೊಂದು ಪೂರ್ತಿ ಹೊಂದುವುದೂ ಇಲ್ಲ. ಇದನ್ನೇ ಹಿಡಿದು ಗುರುತ್ವ ಏರಿಳಿಯುತ್ತಿದೆ ಎಂದು ಬರೆಯುವ ಸಂದೇಶಗಳಿವೆ. ಅಳತೆಯ ಕಷ್ಟವನ್ನು ಪ್ರಕೃತಿಯ ಬದಲಾವಣೆ ಎಂದುಕೊಳ್ಳಬೇಡಿ. ಜಿಯ ಬೆಲೆ ಎಷ್ಟು ಎನ್ನುವುದಕ್ಕಿಂತ, ಅದು ಬದಲಾಗುತ್ತಿದೆಯೇ ಎಂದು ಪತ್ತೆ ಮಾಡುವುದು ಸುಲಭ. ಅದಕ್ಕೆ ಆಕಾಶವೇ ಪ್ರಯೋಗಾಲಯ.

ಕುದಿಯುವ ಸಮುದ್ರ

ಮೊದಲ ದೊಡ್ಡ ಪೆಟ್ಟು ಬಂದದ್ದು 1948ರಲ್ಲಿ, ಎಡ್ವರ್ಡ್ ಟೆಲ್ಲರ್ ಅವರಿಂದ. ಗುರುತ್ವ ಈಗ ಕಡಿಮೆಯಾಗುತ್ತಿದೆ ಎಂದರೆ ಹಿಂದೆ ಹೆಚ್ಚಿತ್ತು ಎಂದಾಯಿತು. ಗುರುತ್ವ ಹೆಚ್ಚಿದ್ದರೆ ಸೂರ್ಯ ತನ್ನೊಳಗೆ ಹೆಚ್ಚು ಒತ್ತಿಕೊಂಡು ಹೆಚ್ಚು ಉರಿಯುತ್ತಾನೆ. ಎಷ್ಟು ಹೆಚ್ಚು? ಸೂರ್ಯನ ಬೆಳಕು ಜಿಯ ಏಳನೆಯ ಘಾತದಲ್ಲಿ ಏರುತ್ತದೆ. ಜಿ ಹತ್ತು ಶೇಕಡ ಹೆಚ್ಚಿದ್ದರೆ ಸೂರ್ಯ ಹೆಚ್ಚುಕಡಿಮೆ ಎರಡು ಪಟ್ಟು ಪ್ರಕಾಶ. ಸಾಲದ್ದಕ್ಕೆ ಆಗ ಭೂಮಿಯ ಕಕ್ಷೆಯೂ ಸೂರ್ಯನಿಗೆ ಹತ್ತಿರ.

ಆಗಿನ ಲೆಕ್ಕದಲ್ಲಿ ವಿಶ್ವದ ವಯಸ್ಸು ಬರೀ 200 ಕೋಟಿ ವರ್ಷ. ಆದ್ದರಿಂದ ಹತ್ತು ಶೇಕಡ ವ್ಯತ್ಯಾಸಕ್ಕೆ 20 ಕೋಟಿ ವರ್ಷ ಹಿಂದೆ ಹೋದರೆ ಸಾಕು. 20-30 ಕೋಟಿ ವರ್ಷಗಳ ಹಿಂದೆ ಸಮುದ್ರದ ನೀರು ಕುದಿಯುವ ಹತ್ತಿರ ಇರಬೇಕಿತ್ತು ಎಂದರು ಟೆಲ್ಲರ್. ಆದರೆ ಆ ಕಾಲದ ಸಮುದ್ರದಲ್ಲಿ ಜೀವಿಗಳು ಚೆನ್ನಾಗಿ ಬದುಕಿದ್ದವು. ಅವುಗಳ ಪಳೆಯುಳಿಕೆ ಕಲ್ಲಿನಲ್ಲಿ ಇವತ್ತಿಗೂ ಇದೆ. ವಿಶ್ವದ ಬಗೆಗಿನ ಒಂದು ದೊಡ್ಡ ಸಿದ್ಧಾಂತವನ್ನು ಸಮುದ್ರತಳದ ಹುಳಹುಪ್ಪಟೆ ಪ್ರಶ್ನಿಸಿದ ಈ ಘಟನೆ ನನಗೆ ಯಾವಾಗಲೂ ಇಷ್ಟ.

1950ರ ದಶಕದಲ್ಲಿ ಗ್ಯಾಲಕ್ಸಿಗಳ ದೂರದ ಲೆಕ್ಕ ತಪ್ಪಿತ್ತೆಂದು ಗೊತ್ತಾಗಿ ವಿಶ್ವದ ವಯಸ್ಸು ಹಲವು ಪಟ್ಟು ಏರಿತು. ವಯಸ್ಸು ಹೆಚ್ಚಿದರೆ ಗುರುತ್ವ ಇಳಿಯುವ ವೇಗ ಕಡಿಮೆ, ಸಮುದ್ರವೂ ಅಷ್ಟು ಬೇಗ ಕುದಿಯುವುದಿಲ್ಲ. ಡಿರಾಕ್ ಉಸಿರಾಡಿದರು ಅನ್ನಿ.

ಈ ನಡುವೆ, 1954ರಲ್ಲಿ, ಅಮೆರಿಕ ಅವರಿಗೆ ವೀಸಾ ನಿರಾಕರಿಸಿತು. ಕಮ್ಯುನಿಸ್ಟರ ಹೆಸರು ಹೇಳಿ ಎಲ್ಲರನ್ನೂ ಅನುಮಾನಿಸುತ್ತಿದ್ದ ಕಾಲ. ಡಿರಾಕ್ ಹಲವು ಬಾರಿ ರಷ್ಯಾಕ್ಕೆ ಹೋಗಿ ಬಂದವರು. ಆ ವರ್ಷ ಅವರು ಮಾಂಚಿಯೊಂದಿಗೆ ಭಾರತಕ್ಕೆ ಬಂದರು, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಉಪನ್ಯಾಸ ಕೊಟ್ಟರು. ಆ ಸಂಸ್ಥೆ ಕಟ್ಟಿದ ಹೋಮಿ ಭಾಭಾ ಕೇಂಬ್ರಿಜ್‌ನಲ್ಲಿ ಡಿರಾಕ್ ಬಳಿ ಕಲಿತವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭಾಭಾ ಜೊತೆ ಕೆಲಸ ಮಾಡಿ 1945ರಲ್ಲಿ ಡಿರಾಕ್ ಶಿಷ್ಯನಾಗಲು ಹೊರಟ ಹರೀಶ್ ಚಂದ್ರ, ಅಲ್ಲಿಗೆ ಹೋದ ಮೇಲೆ ಭೌತವಿಜ್ಞಾನ ಬಿಟ್ಟು ಜಗತ್ತು ಮೆಚ್ಚುವ ಗಣಿತಜ್ಞರಾದರು.

ಎರಡನೆಯ ಆಕ್ಷೇಪ 1961ರಲ್ಲಿ, ಪ್ರಿನ್ಸ್‌ಟನ್ನಿನ ರಾಬರ್ಟ್ ಡಿಕಿ ಅವರದ್ದು. ಇದು ತುಂಬಾ ಜಾಣತನದ್ದು. ವಿಶ್ವದ ವಯಸ್ಸಿನ ಸಂಖ್ಯೆ ಈಗ ಹೀಗೇ ಯಾಕಿದೆ? ಯಾಕೆಂದರೆ ಅದನ್ನು ಅಳೆಯಲು ನಾವು ಈಗ ಇದ್ದೇವೆ. ನಮ್ಮ ಮೈಯಲ್ಲಿರುವ ಇಂಗಾಲ ತಯಾರಾಗುವುದು ನಕ್ಷತ್ರಗಳ ಒಡಲಲ್ಲಿ. ನಕ್ಷತ್ರಗಳು ಹುಟ್ಟಿ, ಉರಿದು, ಸತ್ತ ಮೇಲೆ ಮಾತ್ರ ನಮ್ಮಂಥವರು ಬರಲು ಸಾಧ್ಯ. ಎಲ್ಲ ನಕ್ಷತ್ರಗಳೂ ಆರಿದ ಮೇಲೆ ನಾವಿರುವುದಿಲ್ಲ. ಒಂದು ನಕ್ಷತ್ರ ಎಷ್ಟು ಕಾಲ ಬದುಕುತ್ತದೆ ಎಂಬುದನ್ನು ತೀರ್ಮಾನಿಸುವುದು ಗುರುತ್ವ ಎಷ್ಟು ದುರ್ಬಲ ಎನ್ನುವುದೇ. ಹಾಗಾಗಿ ಲೆಕ್ಕ ಹಾಕುವವರು ಯಾರೇ ಇದ್ದರೂ ಎರಡೂ ಸಂಖ್ಯೆಗಳು ಹತ್ತಿರ ಇರುವುದನ್ನೇ ಕಾಣುತ್ತಾರೆ. ಜಿ ಬದಲಾಗಬೇಕಿಲ್ಲ. ಹಾಗೆಂದು ಡಿಕಿ ಜಿ ಬದಲಾಗುವುದನ್ನು ಪೂರ್ತಿ ಬಿಟ್ಟವರಲ್ಲ. ಅದೇ ವರ್ಷ ಕಾರ್ಲ್ ಬ್ರಾನ್ಸ್ ಜೊತೆ ಐನ್‌ಸ್ಟೈನ್‌ ಅವರದ್ದಕ್ಕೆ ಪರ್ಯಾಯವಾಗಿ ಇನ್ನೊಂದು ಗುರುತ್ವ ಸಿದ್ಧಾಂತ ಬರೆದರು.

ಡಿರಾಕ್ ಕೊಟ್ಟ ಉತ್ತರ ಕೆಲವೇ ಸಾಲಿನದು. ಡಿಕಿ ಹೇಳಿದಂತಾದರೆ ಜೀವಿಗಳು ಇರಬಹುದಾದ ಕಾಲ ಒಂದು ದಿನ ಮುಗಿದುಹೋಗುತ್ತದೆ. ತಮ್ಮ ಸಿದ್ಧಾಂತದಲ್ಲಿ ಜೀವ ಕೊನೆಯಿಲ್ಲದೆ ಮುಂದುವರಿಯಬಹುದು. ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸುವ ವಾದವಿಲ್ಲ, ತಮಗೆ ಎರಡನೆಯದೇ ಇಷ್ಟ ಎಂದುಬಿಟ್ಟರು. ಮಾತೇ ಆಡದ, ಗಣಿತವಲ್ಲದೆ ಬೇರೆ ಗೊತ್ತಿಲ್ಲವೆಂದು ಹೆಸರಾದ ಮನುಷ್ಯ ಇಲ್ಲಿ ತನ್ನ ಆಸೆಯನ್ನು ಬಿಚ್ಚಿಟ್ಟದ್ದು ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಆದರೆ ಇಷ್ಟ ಎನ್ನುವುದು ಪುರಾವೆಯಲ್ಲ.

ದರ್ಜಿಯ ಟೇಪು ಹಿಗ್ಗಿದರೆ

1970ರ ದಶಕದ ಶುರುವಿನಲ್ಲಿ ಡಿರಾಕ್ ಕೇಂಬ್ರಿಜ್ ಬಿಟ್ಟು ಅಮೆರಿಕದ ಫ್ಲಾರಿಡಾಗೆ ಹೋದರು. ವಯಸ್ಸು ಎಪ್ಪತ್ತರ ಆಸುಪಾಸು. ಅಲ್ಲಿ ಅವರು 1937ರ ಪತ್ರವನ್ನು ಮತ್ತೆ ಕೈಗೆತ್ತಿಕೊಂಡರು. ಒಂದು ತೊಡಕು ಉಳಿದಿತ್ತು. ಐನ್‌ಸ್ಟೈನ್‌ ಅವರ ಗುರುತ್ವ ಸಿದ್ಧಾಂತದಲ್ಲಿ ಜಿ ಬದಲಾಗುವಂತಿಲ್ಲ. ಆ ಸಿದ್ಧಾಂತವೋ ಪರೀಕ್ಷೆ ಮೇಲೆ ಪರೀಕ್ಷೆ ಗೆದ್ದಿದೆ. ಎರಡನ್ನೂ ಉಳಿಸಿಕೊಳ್ಳುವುದು ಹೇಗೆ?

ಅವರು ಹಿಡಿದದ್ದು ಹರ್ಮನ್ ವೈಲ್ ಎಂಬ ಜರ್ಮನ್ ಗಣಿತಜ್ಞನ 1918ರ ಒಂದು ಐಡಿಯಾ. ಅದನ್ನು ಹೀಗೆ ಯೋಚಿಸಿ. ದರ್ಜಿ ಟೇಪು ಹಿಡಿದು ಬಟ್ಟೆ ಅಳೆಯುತ್ತಾನೆ. ರಾತ್ರಿ ಬಟ್ಟೆಯೂ ಟೇಪೂ ಎರಡೂ ಒಂದೇ ಸಮ ಹಿಗ್ಗಿದರೆ ಬೆಳಿಗ್ಗೆ ಅವನಿಗೆ ಏನೂ ಗೊತ್ತಾಗುವುದಿಲ್ಲ. ಒಂದು ಹಿಗ್ಗಿ ಇನ್ನೊಂದು ಹಾಗೇ ಉಳಿದರೆ ಮಾತ್ರ ಗೊತ್ತಾಗುತ್ತದೆ. ಅಳತೆಯ ಮಾನ ಎಲ್ಲ ಕಡೆ, ಎಲ್ಲ ಕಾಲದಲ್ಲೂ ಒಂದೇ ಇರಬೇಕೆಂದು ಯಾರು ಹೇಳಿದರು ಎಂಬುದು ವೈಲ್ ಎತ್ತಿದ ಪ್ರಶ್ನೆ. ಜಾಗದಿಂದ ಜಾಗಕ್ಕೆ ಹೋಗುವಾಗ ಅಳತೆಗೋಲೇ ಬದಲಾಗಲಿ ಎಂದರು, ಅದರಿಂದ ಗುರುತ್ವ ಮತ್ತು ವಿದ್ಯುತ್ ಎರಡನ್ನೂ ಒಂದೇ ರೇಖಾಗಣಿತದಲ್ಲಿ ಕಟ್ಟಿದರು.

ಐನ್‌ಸ್ಟೈನ್‌ ಅದನ್ನು ಮೆಚ್ಚಿದರು, ಕೂಡಲೇ ತಿರಸ್ಕರಿಸಿದರು. ಹಾಗಿದ್ದರೆ ಬೇರೆ ಬೇರೆ ದಾರಿಯಲ್ಲಿ ಬಂದ ಎರಡು ಸೋಡಿಯಂ ಪರಮಾಣುಗಳು ಬೇರೆ ಬೇರೆ ಬಣ್ಣದ ಬೆಳಕು ಕೊಡಬೇಕಿತ್ತು. ಬೀದಿ ದೀಪದ ಸೋಡಿಯಂಗೂ ಸೂರ್ಯನ ಸೋಡಿಯಂಗೂ ಬೆಳಕಿನ ಗುರುತು ಒಂದೇ. ವೈಲ್ ಐಡಿಯಾ ಅಲ್ಲಿಗೆ ಬಿದ್ದುಹೋಯಿತು. 1929ರಲ್ಲಿ ಅವರೇ ಅದನ್ನು ಬೇರೆ ರೂಪದಲ್ಲಿ ಎತ್ತಿ ನಿಲ್ಲಿಸಿದರು, ಇವತ್ತಿನ ಕಣಭೌತವಿಜ್ಞಾನ ನಿಂತಿರುವುದು ಆ ಹೊಸ ರೂಪದ ಮೇಲೆ. ಅದು ಬೇರೆಯೇ ಕಥೆ.

ಡಿರಾಕ್ ಎತ್ತಿಕೊಂಡದ್ದು ಹಳೆಯ ರೂಪವನ್ನು. ಪ್ರಕೃತಿಯಲ್ಲಿ ಎರಡು ಟೇಪು ಇವೆ ಎಂದರು. ಒಂದು ಗುರುತ್ವದ್ದು; ಗ್ರಹಗಳು ಅದರ ಪ್ರಕಾರ ಓಡುತ್ತವೆ, ಅಲ್ಲಿ ಐನ್‌ಸ್ಟೈನ್‌ ಪೂರ್ತಿ ಸರಿ. ಇನ್ನೊಂದು ಪರಮಾಣುಗಳದ್ದು, ನಮ್ಮ ಗಡಿಯಾರ, ಅಳತೆಗೋಲು, ಎಲ್ಲ ಉಪಕರಣಗಳೂ ಅದರ ಪ್ರಕಾರ ನಡೆಯುತ್ತವೆ. ಎರಡು ಟೇಪುಗಳ ನಡುವಿನ ಅನುಪಾತ ವಿಶ್ವದ ವಯಸ್ಸಿನ ಜೊತೆ ಬದಲಾಗುತ್ತಿದೆ. ಎಲ್ಲ ಪರಮಾಣುಗಳೂ ಒಂದೇ ಟೇಪು ಹಿಡಿದಿರುವುದರಿಂದ ಸೋಡಿಯಂ ಆಕ್ಷೇಪವೂ ಇಲ್ಲ. ಪರಮಾಣು ಗಡಿಯಾರ ಹಿಡಿದು ಗ್ರಹಗಳನ್ನು ನೋಡುವ ನಮಗೆ ಮಾತ್ರ ಜಿ ಇಳಿಯುತ್ತಿರುವಂತೆ ಕಾಣುತ್ತದೆ. 1973-74ರಲ್ಲಿ ಇದನ್ನು ಅವರು ಲೇಖನಗಳಾಗಿ ಪ್ರಕಟಿಸಿದರು. ಅದೇ ಕಾಲದಲ್ಲಿ ಫ್ರೆಡ್ ಹಾಯ್ಲ್ ಮತ್ತು ನಮ್ಮ ಜಯಂತ ನಾರ್ಳೀಕರ್ ಕೂಡ ಬೇರೆ ದಾರಿಯಿಂದ, ಜಿ ಇಳಿಯುವ ತಮ್ಮದೇ ಗುರುತ್ವ ಸಿದ್ಧಾಂತ ಮಾಡಿದ್ದರು.

ಚಂದ್ರನ ಕನ್ನಡಿ, ಮಂಗಳನ ರೇಡಿಯೊ

ಈಗ ಅಳೆಯುವ ಕಾಲವೂ ಬಂದಿತ್ತು. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಪ್ರತಿಫಲಕ ಇಟ್ಟು ಬಂದರು. ಆಮೇಲೆ ಅಪೊಲೊ 14, 15 ಮತ್ತು ರಷ್ಯಾದ ಎರಡು ಲೂನೊಖೋದ್ ಬಂಡಿಗಳದ್ದೂ ಸೇರಿದವು. ಭೂಮಿಯಿಂದ ಲೇಸರ್ ಬಿಟ್ಟರೆ ಎರಡೂವರೆ ಸೆಕೆಂಡಿನಲ್ಲಿ ಬೆಳಕು ಮರಳುತ್ತದೆ. ಆ ಸಮಯದಿಂದ ಚಂದ್ರನ ದೂರ ಗೊತ್ತಾಗುತ್ತದೆ, ಇವತ್ತು ಮಿಲಿಮೀಟರ್ ಮಟ್ಟದ ನಿಖರತೆಯಲ್ಲಿ. ಚಂದ್ರಯಾನ-3ರ ವಿಕ್ರಮ್ ಮೇಲೂ ನಾಸಾದ ಒಂದು ಪುಟ್ಟ ಪ್ರತಿಫಲಕ ಇದೆ, ಆದರೆ ಅದು ಚಂದ್ರನನ್ನು ಸುತ್ತುವ ನೌಕೆಯಿಂದ ಅಳೆಯಲು ಮಾಡಿದ್ದು.

ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ ಎಂಬ ಫಾರ್ವರ್ಡ್ ನಿಜವೇ. ಅದಕ್ಕೆ ಕಾರಣ ಸಮುದ್ರದ ಉಬ್ಬರವಿಳಿತ. ಜಿ ಡಿರಾಕ್ ಹೇಳಿದಂತೆ ಇಳಿಯುತ್ತಿದ್ದರೆ ಅದೂ ಚಂದ್ರನನ್ನು ವರ್ಷಕ್ಕೆ ಸುಮಾರು 3 ಸೆಂಟಿಮೀಟರ್ ತಳ್ಳಬೇಕು. ಎರಡನ್ನೂ ಬೇರ್ಪಡಿಸುವುದು ಹೇಗೆ? ಕಕ್ಷೆಯ ಗಾತ್ರಕ್ಕೂ ಒಂದು ಸುತ್ತಿಗೆ ಹಿಡಿಯುವ ಸಮಯಕ್ಕೂ ಇರುವ ಲೆಕ್ಕ ಎರಡರಲ್ಲೂ ಬೇರೆ ಬೇರೆ. ವರ್ಷಾನುಗಟ್ಟಲೆ ಅಳೆದರೆ ಯಾವುದು ಎಷ್ಟು ಎಂದು ಬಿಡಿಸಬಹುದು. 1975ರಲ್ಲಿ ಥಾಮಸ್ ವ್ಯಾನ್ ಫ್ಲಾಂಡರ್ನ್ ಎಂಬ ಖಗೋಳಜ್ಞ, ಚಂದ್ರ ನಕ್ಷತ್ರಗಳನ್ನು ಮರೆಮಾಡುವ ಹೊತ್ತುಗಳನ್ನು ಪರಮಾಣು ಗಡಿಯಾರದಿಂದ ಅಳೆದ ದಾಖಲೆಗಳನ್ನು ನೋಡಿ ಜಿ ಇಳಿಯುತ್ತಿರುವುದು ಕಾಣುತ್ತಿದೆ ಎಂದರು. ಡಿರಾಕ್ ಗೆದ್ದರೇ? ಇನ್ನೂ ನಿಖರವಾದ ಅಳತೆಗಳು ಬಂದಾಗ ಅದು ನಿಲ್ಲಲಿಲ್ಲ.

ತೀರ್ಪು ಬಂದದ್ದು ಮಂಗಳನಿಂದ. ಪ್ಯಾಟ್ರಿಕ್ ಮೂರ್ ತಮಾಷೆ ಮಾಡಿದ ಅದೇ 1976ರಲ್ಲಿ ನಾಸಾದ ಎರಡು ವೈಕಿಂಗ್ ನೌಕೆಗಳು ಮಂಗಳದ ಮೇಲೆ ಇಳಿದವು. ಅವಕ್ಕೆ ರೇಡಿಯೊ ಸಂಕೇತ ಕಳಿಸಿ, ಮರಳುವ ಸಮಯ ನೋಡಿದರೆ ಮಂಗಳದ ದೂರ ಕೆಲವೇ ಮೀಟರ್ ತಪ್ಪಿನಲ್ಲಿ ತಿಳಿಯುತ್ತಿತ್ತು. ಕೋಟ್ಯಂತರ ಕಿಲೋಮೀಟರಿನಲ್ಲಿ ಕೆಲವು ಮೀಟರ್! ಡಿರಾಕ್ ಸರಿಯಾಗಿದ್ದರೆ ಭೂಮಿಯ ಕಕ್ಷೆ ವರ್ಷಕ್ಕೆ ಸುಮಾರು 10 ಮೀಟರ್ ಹಿಗ್ಗಬೇಕು, ಮಂಗಳದ್ದು ಇನ್ನೂ ಹೆಚ್ಚು. ಇಲ್ಲಿ ಉಬ್ಬರವಿಳಿತದ ಗೊಂದಲವೂ ಇಲ್ಲ. ಹಲವು ವರ್ಷಗಳ ಅಳತೆ ಒಟ್ಟುಗೂಡಿಸಿ 1983ರಲ್ಲಿ ವಿಜ್ಞಾನಿಗಳು ಫಲಿತಾಂಶ ಪ್ರಕಟಿಸಿದರು. ಡಿರಾಕ್ ಹೇಳಿದಷ್ಟು ಹಿಗ್ಗು ಅಲ್ಲಿ ಇರಲಿಲ್ಲ.

ಮರುವರ್ಷ, 1984ರ ಅಕ್ಟೋಬರ್ 20ರಂದು, ಫ್ಲಾರಿಡಾದ ಟಾಲಹಸಿಯಲ್ಲಿ ಡಿರಾಕ್ ತೀರಿಕೊಂಡರು. 82 ವರ್ಷ. ಸಮಾಧಿಯೂ ಅಲ್ಲೇ ಇದೆ.

ಚಂದ್ರನ ಪ್ರತಿಫಲಕಗಳಿಗೆ ಲೇಸರ್ ಬಿಡುವುದು ಇವತ್ತಿಗೂ ನಡೆದಿದೆ. ಐವತ್ತು ವರ್ಷ ದಾಟಿದ ಆ ಲೆಕ್ಕದ ಪ್ರಕಾರ, ಜಿ ಬದಲಾಗುತ್ತಿದ್ದರೂ ಅದು ವರ್ಷಕ್ಕೆ 10 ಲಕ್ಷ ಕೋಟಿಯಲ್ಲಿ ಒಂದೆರಡು ಪಾಲಿಗಿಂತ ಹೆಚ್ಚಿರಲಾರದು. ಡಿರಾಕ್ ಹೇಳಿದ್ದು ಅದರ ನೂರಾರು ಪಟ್ಟು. ಆದರೆ ಅವರು ಕೇಳಿದ ಮೂಲ ಪ್ರಶ್ನೆ ಹಾಗೇ ಇದೆ: ಗುರುತ್ವ ಯಾಕೆ ಇಷ್ಟೊಂದು ದುರ್ಬಲ, ಆ 39 ಸೊನ್ನೆ ಎಲ್ಲಿಂದ ಬಂತು? ಯಾರ ಬಳಿಯೂ ಒಪ್ಪಿತವಾದ ಉತ್ತರ ಇಲ್ಲ. ಹೊಸ ಗುರುತ್ವ ಸಿದ್ಧಾಂತಗಳು ಇವತ್ತಿಗೂ ಬರುತ್ತಲೇ ಇರುವುದಕ್ಕೆ ಇದೂ ಒಂದು ಕಾರಣ.

1995ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ನ್ಯೂಟನ್ ಸ್ಮಾರಕಕ್ಕೆ ಹತ್ತಿರದಲ್ಲೇ, ಡಿರಾಕ್ ಹೆಸರಿನ ಒಂದು ಕಲ್ಲನ್ನು ನೆಲದಲ್ಲಿ ಕೂರಿಸಿದರು. ಅದರ ಮೇಲೆ ಕೆತ್ತಿರುವುದು ಎಲೆಕ್ಟ್ರಾನಿನ ಸಮೀಕರಣ. ಜಿ ಅದರಲ್ಲಿಲ್ಲ.